ಅಮ್ಮನ ಕಾರಿಗೆ ಹೊಸ ಟೈರು

ಸೆಪ್ಟೆಂಬರ್ 8

ಅಮ್ಮ ಬಿದ್ದಿದ್ದು ಸ್ಟೂಲಿನಿಂದ, ಕಾರಿನಿಂದಲ್ಲ. ಇದನ್ನು ಬರೆದಿಡುವುದು ಒಳ್ಳೆಯದು. ಸುದ್ದಿ ಕೇಳಿದವರೆಲ್ಲ ಅರ್ಧಕ್ಕೇ ಬಾಯಿ ಹಾಕಿ, "ನಾನು ಅವತ್ತೇ ಅಂದ್ಕೊಂಡೆ ನೋಡಿ, ಆ ಕಾರು ಒಂದಿನ ಹೀಗೆ ಮಾಡುತ್ತೆ ಅಂತ" ಎನ್ನುತ್ತಿದ್ದಾರೆ. ಕಾರು ಏನೂ ಮಾಡಿಲ್ಲ. ಅದು ಶೆಡ್ಡಿನಲ್ಲಿ ತನ್ನ ಪಾಡಿಗೆ ತಾನು ನಿಂತಿತ್ತು. ಒಗೆದ ಪರದೆಯನ್ನು ಮತ್ತೆ ತೂಗುಹಾಕಲು ಅಮ್ಮ ಸ್ಟೂಲು ಹತ್ತಿದ್ದಳು, ಎಪ್ಪತ್ತಮೂರನೇ ವಯಸ್ಸಿನಲ್ಲಿ. ಎಡ ಸೊಂಟದ ಮೂಳೆ ಮುರಿದಿದೆ. ನಾನು ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿಗಳನ್ನು ನೋಡುವವಳು. ಅನುಭವದಿಂದ ಹೇಳುತ್ತೇನೆ, ಮನುಷ್ಯ ಹತ್ತುವ ವಾಹನಗಳಲ್ಲೆಲ್ಲ ಸ್ಟೂಲಿನಷ್ಟು ಅಪಾಯದ್ದು ಇನ್ನೊಂದಿಲ್ಲ. ಅದಕ್ಕೆ ಬ್ರೇಕೂ ಇಲ್ಲ, ಲೈಸೆನ್ಸು ಕೇಳುವವರೂ ಇಲ್ಲ.

ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಅಮ್ಮ ಆಡಿದ ಮೊದಲ ಮಾತು, "ಟೈರು ಬದಲಾಯಿಸ್ಬೇಕು ಕಣೇ."

ಮತ್ತಿನಲ್ಲಿ ಬಡಬಡಿಸುತ್ತಿದ್ದಾಳೆ ಎಂದುಕೊಂಡು "ಆಯ್ತಮ್ಮ" ಎಂದೆ. ಮತ್ತಲ್ಲವಂತೆ. ಬಿದ್ದ ದಿನ ಬೆಳಿಗ್ಗೆಯೇ ಟೈರಿನ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕುಗಳನ್ನು ನೋಡಿದ್ದಳಂತೆ. "ಮೇಲಿನ ಗೀರೆಲ್ಲ ಸವೆಯದೆ ಚೆನ್ನಾಗೇ ಇದೆ, ರಬ್ಬರು ಮಾತ್ರ ಮುದಿಯಾಗಿದೆ. ನಾನು ಮನೆಗೆ ಬರೋ ಹೊತ್ತಿಗೆ ನಾಲ್ಕೂ ಹೊಸದಿರ್ಬೇಕು" ಎಂದು ಅಪ್ಪಣೆ ಕೊಟ್ಟು ನಿದ್ದೆಹೋದಳು.

ಸೆಪ್ಟೆಂಬರ್ 11

ಡಾಕ್ಟರು ನನ್ನೊಬ್ಬಳನ್ನೇ ಕೋಣೆಗೆ ಕರೆದರು. ಮೂಳೆಯನ್ನು ಸರಿಯಾಗಿ ಕೂರಿಸಿದ್ದಾರೆ. ಆದರೆ ಬಿದ್ದ ಏಟಿಗೆ ಎಡಗಾಲಿನ ನರ ನಲುಗಿದೆ. ಅಮ್ಮ ನಡೆಯುತ್ತಾಳೆ, ಕೋಲು ಬೇಕಾಗುತ್ತದೆ. ಪಾದಕ್ಕೆ ಮೊದಲಿನ ಬಲ ಬರುವುದಿಲ್ಲ.

"ಕಾರು ಓಡಿಸಬಹುದಾ?" ಎಂದು ಕೇಳಿದೆ.

"ಗೇರಿನ ಕಾರಾ? ಇಲ್ಲ. ಕ್ಲಚ್ ತುಳಿಯೋಕಾಗಲ್ಲ. ನಿಮ್ಮ ತಾಯಿ ನಡಿಯೋ ವಿಷಯ ಮಾತ್ರ ಕೇಳಿದ್ರು, ಇದನ್ನ ಕೇಳ್ಲಿಲ್ಲ. ಸಮಯ ನೋಡ್ಕೊಂಡು ನೀವೇ ಹೇಳಿಬಿಡಿ, ಮನೆಯವರು ಹೇಳಿದ್ರೆ ಒಳ್ಳೇದು."

ಮನೆಯವರು ಎಂದರೆ ನಾನೊಬ್ಬಳೇ. ಅಪ್ಪ ಹೋಗಿ ಬಹಳ ವರ್ಷವಾಯಿತು, ನನ್ನ ಹಿಂದೆ ಮುಂದೆ ಯಾರೂ ಹುಟ್ಟಿಲ್ಲ. ಅಮ್ಮ ಮೂವತ್ತು ವರ್ಷ ಡ್ರೈಕ್ಲೀನಿಂಗ್ ಅಂಗಡಿ ನಡೆಸಿದಳು. ಅದನ್ನು ಮುಚ್ಚಿದ ವರ್ಷ ಬಂದ ದುಡ್ಡಿನಲ್ಲಿ ಆ ಕೆಂಪು ಡಬ್ಬಿ ಕೊಂಡಳು. ಎರಡೇ ಸೀಟು, ಬಟ್ಟೆಯ ಚಾವಣಿ, ಸಾಮಾನಿಗೆ ಒಂದು ರಗ್ಗು ಮಡಿಸಿಡುವಷ್ಟು ಜಾಗ. ಕೂತರೆ ರಸ್ತೆಗೂ ನಮಗೂ ಮಧ್ಯೆ ಒಂದು ಗೇಣು. ನಾನು ಅದರಲ್ಲಿ ಕೂತಿದ್ದು ಎರಡು ಸಲ, ಎರಡೂ ಸಲ ಕಣ್ಣು ಮುಚ್ಚಿಕೊಂಡಿದ್ದೆ. ನನ್ನದು ಗೇರಿಲ್ಲದ ಬೂದು ಬಣ್ಣದ ಕಾರು. ಅಮ್ಮ ಅದನ್ನು ಲಿಫ್ಟು ಎನ್ನುತ್ತಾಳೆ.

ಅಂಗಡಿಯಲ್ಲಿ ಅಮ್ಮನದೊಂದು ಕಟ್ಟುನಿಟ್ಟು ಇತ್ತು. ಕಲೆ ಹೋಗುವುದಿಲ್ಲ ಎಂದು ಕಂಡರೆ ಬಟ್ಟೆ ಕೌಂಟರಿನ ಮೇಲಿರುವಾಗಲೇ ಗಿರಾಕಿಗೆ ಹೇಳಿಬಿಡಬೇಕು, ಒಳಗೆ ತೆಗೆದುಕೊಂಡ ಮೇಲೆ ಹೇಳುವುದು ಮೋಸ. ಇವತ್ತು ವಾರ್ಡಿಗೆ ವಾಪಸು ಹೋದಾಗ ಅಮ್ಮ, "ಡಾಕ್ಟರು ಏನಂದ್ರು?" ಎಂದಳು. "ಎಲ್ಲಾ ಚೆನ್ನಾಗಿದೆ ಅಂದ್ರು" ಎಂದೆ. ನಾಳೆ ಹೇಳುತ್ತೇನೆ.

ಸೆಪ್ಟೆಂಬರ್ 14, ಭಾನುವಾರ

ಹೇಳಲಿಲ್ಲ. ಟೈರು ಅಂಗಡಿಗೆ ಹೋದೆ.

ಅಂಗಡಿಯವನು ಮಾತಿನ ಮಲ್ಲ. ಹೆಬ್ಬೆರಳಿನ ಉಗುರನ್ನು ಉದ್ದ ಬಿಟ್ಟಿದ್ದಾನೆ, ಅದನ್ನು ಟೈರಿಗೆ ಒತ್ತಿ ರಬ್ಬರಿನ ನಾಡಿ ನೋಡುತ್ತಾನೆ. ನಮ್ಮ ಉಗುರನ್ನೂ ಒತ್ತಿಸುತ್ತಾನೆ. ಅಮ್ಮನ ಕಾರಿನ ಅಳತೆಗೆ ಮೂರು ಬಗೆ ತೋರಿಸಿದ. ಒಂದು ಮೆತ್ತನೆಯದು, ರಸ್ತೆಯನ್ನು ಕಚ್ಚಿ ಹಿಡಿಯುತ್ತದಂತೆ, ಬೇಗ ಸವೆಯುತ್ತದಂತೆ. ಒಂದು ಗಟ್ಟಿಯದು, ಬಹಳ ಕಾಲ ಬರುತ್ತದೆ, ಆದರೆ "ಇಂಥಾ ಕಾರಿಗೆ ಅದು ಹಾಕೋದು ಪಾಪ ಮೇಡಂ." ಮೂರನೆಯದು ಇವೆರಡರ ನಡುವಿನದು.

"ಎಲ್ಲಾನೂ ಕರಿ, ಎಲ್ಲಾನೂ ದುಂಡಗೆ. ಇದರಲ್ಲಿ ಆರಿಸೋದೇನಿದೆ?" ಎಂದೆ.

ಅವನಿಗೆ ನಿಜವಾಗಿ ನೋವಾಯಿತು. ಕುರ್ಚಿ ಎಳೆದು ನನ್ನನ್ನು ಕೂರಿಸಿ ಪಾಠ ಶುರುಮಾಡಿದ. ಇಡೀ ಕಾರು ನೆಲಕ್ಕೆ ತಾಗುವುದು ನಾಲ್ಕು ಅಂಗೈಯಷ್ಟು ಜಾಗದಲ್ಲಿ ಮಾತ್ರವಂತೆ. ಇಂಜಿನ್ನು, ಬ್ರೇಕು, ಸ್ಟೇರಿಂಗು ಎಲ್ಲ ಏನೇ ಹೇಳಬೇಕೆಂದರೂ ರಸ್ತೆಗೆ ಹೇಳುವುದು ಆ ನಾಲ್ಕು ಅಂಗೈಗಳ ಮೂಲಕವಂತೆ. ನನ್ನ ಕಚೇರಿಗೆ ಬರುವ ಫೋಟೋಗಳೆಲ್ಲ ನೆನಪಾದವು. ಇದು ತಿಳಿದವರು ಹೇಗೆ ಧೈರ್ಯವಾಗಿ ಕಾರಿನಲ್ಲಿ ಕೂರುತ್ತಾರೋ.

ಕೊನೆಗೆ, "ದೊಡ್ಡ ವೀಲ್ ಹಾಕ್ಸಿಬಿಡಿ ಮೇಡಂ, ಒಳ್ಳೆ ಲುಕ್ ಬರುತ್ತೆ" ಎಂದ. ಕೇಳಿ ಹೇಳುತ್ತೇನೆ ಎಂದು ಬಂದೆ.

ಸೆಪ್ಟೆಂಬರ್ 16

ಅಮ್ಮನನ್ನು ನಡಿಗೆ ಕಲಿಸುವ ವಾರ್ಡಿಗೆ ಹಾಕಿದ್ದಾರೆ. ಎರಡು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಆಂಬುಲೆನ್ಸ್ ನಿಲ್ಲುವ ಜಾಗ. ದೊಡ್ಡ ವೀಲಿನ ವಿಷಯ ಹೇಳಿದೆ. "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅಮ್ಮ ತಳ್ಳಿಹಾಕಿದಳು. ಮೆತ್ತನೆಯದನ್ನೇ ತರಬೇಕಂತೆ.

ಪಕ್ಕದ ಮಂಚದ ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದ್ದವರು ಅಲ್ಲಿಂದಲೇ, "ಸದ್ದು ಮಾಡದೇ ಇರೋದು ತಗೊಳ್ಳಮ್ಮಾ. ಸದ್ದಿನ ಜೊತೆ ಬಾಳೋದು ಕಷ್ಟ. ನಮ್ಮನೆಯವರು ಗೊರಕೆ ಹೊಡೀತಿದ್ರು" ಎಂದರು.

"ಮೆತ್ತಗಿರೋದು ಸ್ವಲ್ಪ ಸದ್ದು ಮಾಡುತ್ತಂತೆ" ಎಂದೆ.

"ಹಾಗಿದ್ರೆ ಬೇಡ" ಎಂದರು ಅಜ್ಜಿ. ಅಮ್ಮನಿಗೂ ಅವರಿಗೂ ಅದರ ಮೇಲೆ ಮಾತು ಬೆಳೆದು, ನರ್ಸ್ ಬಂದು ಇಬ್ಬರಿಗೂ ಬಿ.ಪಿ. ನೋಡಿದಳು.

ಹೇಳಬೇಕಾದ್ದನ್ನು ಹೇಳಲು ಸಂದರ್ಭ ಸಿಗಲಿಲ್ಲ.

ಸೆಪ್ಟೆಂಬರ್ 20

ಒಂದು ವಿಷಯ ಹೊಳೆದಿದೆ. ಟೈರು ಆರಿಸುವುದು ಮುಗಿಯುವ ತನಕ ಅಮ್ಮ ಕಾರು ಓಡಿಸುವ ಪ್ರಶ್ನೆಯೇ ಬರುವುದಿಲ್ಲ. ಪ್ರಶ್ನೆ ಬರದಿದ್ದರೆ ನಾನು ಉತ್ತರ ಹೇಳಬೇಕಾಗಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಮ್ಮನ ಕಾಲಿಗೆ ಸ್ವಲ್ಪ ಶಕ್ತಿ ಬರಲಿ, ಊಟ ಸೇರಲಿ, ಆಮೇಲೆ ಹೇಳಿದರಾಯಿತು. ಇದು ಸುಳ್ಳಲ್ಲ, ಅನುಕ್ರಮ.

ಹಾಗಾಗಿ ಇವತ್ತು ಮೆತ್ತನೆಯ ಟೈರಿನ ಬಗ್ಗೆ ಆಕ್ಷೇಪಣೆ ಎತ್ತಿದೆ. ಅದು ಬಿಸಿಯಾಗುವವರೆಗೆ ಹಿಡಿಯುವುದಿಲ್ಲವಂತೆ ಎಂದೆ. ಅಮ್ಮ ಕತ್ತೆತ್ತಿ ನೋಡಿದಳು. "ಯಾರು ಹೇಳಿದ್ರು?"

"ಓದಿದೆ."

"ಏನು ಓದಿದೆ, ಪೂರ್ತಿ ಹೇಳು" ಎಂದು ದಿಂಬನ್ನು ಬೆನ್ನಿಗೆ ಕೊಟ್ಟು ಕೂತಳು. ನೋಡುವ ಸಮಯ ಮುಗಿಯಿತು ಎಂದು ನರ್ಸ್ ಬಂದು ಗದರುವ ತನಕ ಮಾತಾಡಿದೆವು.

ಸೆಪ್ಟೆಂಬರ್ 27

ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ನನ್ನ ಕತೆ. ಗಟ್ಟಿ ಟೈರು ಯಾಕಾಗಬಾರದು ಎಂದು ಒಂದು ವಾರದಿಂದ ವಾದಿಸುತ್ತಿದ್ದೆ. ಇವತ್ತು ಅಮ್ಮ, "ಆ ಕಾರು ತಿರುವಲ್ಲಿ ಹೇಗೆ ಹೋಗುತ್ತೆ ಗೊತ್ತಾ ನಿನಗೆ?" ಎಂದಳು.

"ಇಲ್ಲ."

"ಹಾಗಿದ್ರೆ ಮೊದಲು ಓಡಿಸ್ಕೊಂಡು ಬಾ. ಬಟ್ಟೆ ಮುಟ್ಟಿ ನೋಡದೆ ಯಾವ ನೀರಿಗೆ ಹಾಕ್ಬೇಕು ಅಂತ ಹೇಳೋಕಾಗುತ್ತಾ?"

ಅಮ್ಮ ಬಿದ್ದಾಗಿನಿಂದ ನಾನು ಅವಳ ಮನೆಯಲ್ಲೇ ಇದ್ದೇನೆ. ಸಂಜೆ ಶೆಡ್ಡಿನ ಬಾಗಿಲು ತೆಗೆದೆ. ಗೇರಿನ ಕಾರು ಮುಟ್ಟಿ ಯಾವ ಕಾಲವಾಯಿತೋ. ಗೇಟು ದಾಟುವುದರೊಳಗೆ ಮೂರು ಸಲ ನಿಂತುಹೋಯಿತು. ಎದುರು ಮನೆಯ ದಂಪತಿ ಬಾಲ್ಕನಿಗೆ ಕುರ್ಚಿ ತಂದು ಹಾಕಿಕೊಂಡರು. ಕೆರೆ ರಸ್ತೆಯವರೆಗೆ ಹೋಗಿ ಬಂದೆ. ವೇಗ ಮೂವತ್ತು. ಸೈಕಲ್ಲಿನಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಹೋಗುತ್ತಿದ್ದವನು ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, ಪಾಪ ಎನ್ನುವಂತೆ ತಲೆಯಾಡಿಸಿದ.

ಕೆಂಪು ಡಬ್ಬಿ ನನಗೆ ಸರಿಹೊಂದುವುದಿಲ್ಲ.

ಸೆಪ್ಟೆಂಬರ್ 29

ಮತ್ತೆ ಓಡಿಸಿದೆ. ಮೊದಲ ಸಲ ಸರಿಯಾಗಿ ಗಮನಿಸಿರಲಿಲ್ಲ.

ಅಕ್ಟೋಬರ್ 2

ಓಡಿಸಿದೆ. ಪರೀಕ್ಷೆಗಾಗಿ.

ಅಕ್ಟೋಬರ್ 5, ಭಾನುವಾರ

ಇವತ್ತು ಅಕ್ಷರ ಸೊಟ್ಟಗಿದೆ.

ಬೆಳಿಗ್ಗೆ ಸಣ್ಣಗೆ ಮಳೆ ಹನಿಯುತ್ತಿತ್ತು. ಆಸ್ಪತ್ರೆಗೆ ಕೆಂಪು ಕಾರಿನಲ್ಲೇ ಹೊರಟೆ. ನೀರಿನ ಟ್ಯಾಂಕಿನ ಹತ್ತಿರದ ಸರ್ಕಲ್ಲಿನಲ್ಲಿ ತಿರುಗುವಾಗ ಕಾರಿನ ಹಿಂಭಾಗ ನನ್ನನ್ನು ಕೇಳದೆ ಪಕ್ಕಕ್ಕೆ ಹೊರಟಿತು. ಒಂದು ಕ್ಷಣ ಕಾರು ಒಂದು ಕಡೆ, ರಸ್ತೆ ಒಂದು ಕಡೆ. ಆಮೇಲೆ ಅದೇ ಮನಸ್ಸು ಬದಲಾಯಿಸಿ ವಾಪಸು ಬಂತು. ಹಿಂದಿದ್ದ ಬಸ್ಸಿನವನು ಹಾರ್ನ್ ಕೂಡ ಮಾಡಲಿಲ್ಲ, ಅವನೂ ಹೆದರಿದ್ದನೇನೋ.

ಅಮ್ಮನಿಗೆ ಹೇಳಿದೆ. ಹೇಳಬಾರದೆಂದುಕೊಂಡಿದ್ದೆ, ಬಾಯಿಂದ ಬಂದುಹೋಯಿತು. ಅಮ್ಮ ನಗಲಿಲ್ಲ.

"ಬ್ರೇಕ್ ತುಳಿದ್ಯಾ?"

"ಇಲ್ಲ. ತುಳೀಬೇಕು ಅಂತ ನೆನಪೇ ಆಗ್ಲಿಲ್ಲ."

"ಸದ್ಯ. ಮರೆವೇ ಕಾಪಾಡ್ತು. ತುಳಿದಿದ್ರೆ ಬುಗುರಿ ಆಗ್ತಿದ್ದೆ." ನನ್ನ ಮಣಿಕಟ್ಟು ಹಿಡಿದುಕೊಂಡವಳು ಊಟದ ತಟ್ಟೆ ಬಂದರೂ ಬಿಡಲಿಲ್ಲ. "ಇನ್ನು ಆ ಹಳೇ ಟೈರಲ್ಲಿ ಮಳೇಲಿ ಹೋಗ್ಬೇಡ. ಒಬ್ಳೇ ಇರೋದು ನೀನು" ಎಂದಳು. ಅಮ್ಮ ಹೀಗೆ ಮಾತಾಡುವವಳಲ್ಲ. ನಾನು ಮಳೆಯಲ್ಲಿ ಯಾವ ಟೈರಿನ ಗೀರು ಎಷ್ಟು ನೀರು ಹೊರಗೆ ಹಾಕುತ್ತದೆಂಬ ಲೆಕ್ಕ ಹೇಳಿದೆ. ಇಬ್ಬರಿಗೂ ಸಮಾಧಾನವಾಯಿತು.

ಅಕ್ಟೋಬರ್ 9

ಕಚೇರಿಯಲ್ಲಿ ಸಣ್ಣ ಗಲಾಟೆ. ಟೈರಿನ ಪಕ್ಕೆಯಲ್ಲಿ ಅದು ತಯಾರಾದ ವಾರ, ವರ್ಷ ಅಂಕಿಯಲ್ಲಿ ಅಚ್ಚಾಗಿರುತ್ತದೆ. ಮಧ್ಯಾಹ್ನ ಪಾರ್ಕಿಂಗ್‌ನಲ್ಲಿ ಸುಮ್ಮನೆ ಒಂದೊಂದೇ ಓದುತ್ತಾ ಹೋದೆ. ಮ್ಯಾನೇಜರ ಕಾರಿನ ಹಿಂದೆ ಮಂಡಿಯೂರಿ ಉಗುರು ಒತ್ತುತ್ತಿದ್ದಾಗ ಅವರೇ ಬಂದರು.

"ಏನು ಬಿದ್ದುಹೋಯ್ತು ಮೇಡಂ?"

"ಏನಿಲ್ಲ ಸರ್. ನಿಮ್ಮ ಹಿಂದಿನ ಎರಡು ಟೈರು ಒಂಬತ್ತು ವರ್ಷದವು. ನಿಮ್ಮ ಮಗಳು ಹೈಸ್ಕೂಲಿಗೆ ಬಂದ್ಲು ಅಂತಿದ್ರಲ್ಲ, ಅವಳು ಕನ್ನಡ ಅಕ್ಷರ ಕಲಿಯೋ ಕಾಲದವು."

ಮ್ಯಾನೇಜರು ಸಂಜೆ ಬಸ್ಸಿನಲ್ಲಿ ಹೋದರಂತೆ. ಒಳ್ಳೆಯದಾಯಿತು.

ಅಕ್ಟೋಬರ್ 12, ಭಾನುವಾರ

ಉಗುರಿನವನು ಮೆತ್ತನೆಯ ಟೈರು ತರಿಸಿದ್ದ. ತಾರೀಕು ನೋಡಿ ಹಳೆಯದೆಂದು ತಿರಸ್ಕರಿಸಿದೆ. ಅವನಿಗೆ ಸಾಕುಸಾಕಾಗಿದೆ. "ಮೇಡಂ, ನೀವು ಟೈರು ತಗೊಳ್ಳೋಕೆ ಬರ್ತಿದ್ದೀರೋ, ಪರೀಕ್ಷೆ ಮಾಡಿ ಫೇಲ್ ಮಾಡೋಕೆ ಬರ್ತಿದ್ದೀರೋ?" ಎಂದ.

ವಾರ್ಡಿನಲ್ಲಿ ಫಿಸಿಯೋ ಹುಡುಗಿ ಅಮ್ಮನನ್ನು ಎರಡು ಕಂಬಿಗಳ ನಡುವೆ ನಡೆಸುತ್ತಿದ್ದಳು. ಎಡ ಪಾದಕ್ಕೆ ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿದ್ದರು. ಪಾದ ಎತ್ತಲಾಗದೆ ಬೆರಳು ನೆಲಕ್ಕೆ ಸವರಿಕೊಂಡೇ ಬರುತ್ತಿತ್ತು. ಅಮ್ಮ ಹಲ್ಲು ಕಚ್ಚಿ ಪ್ರತಿ ಹೆಜ್ಜೆಗೂ ಆ ಪಾದವನ್ನು ಬೈಯುತ್ತಿದ್ದಳು. ನನ್ನನ್ನು ನೋಡಿ, "ಈ ತಿಂಗಳ ಕೊನೇಲಿ ಮನೆಗಂತೆ. ಟೈರು ಏನಾಯ್ತು?" ಎಂದಳು.

ಆ ಪಾದ ನೋಡಿದ ಮೇಲೂ ಅಮ್ಮನಿಗೆ ಗೊತ್ತಾಗಿಲ್ಲವೇ? ಗೊತ್ತಾಗಿಲ್ಲ. ಗುಣವಾಗುತ್ತಿದೆ ಎಂದುಕೊಂಡಿದ್ದಾಳೆ. ನಾನೇ ಹಾಗೆ ಹೇಳಿದ್ದೇನೆ.

ಅಕ್ಟೋಬರ್ 15

ಇವತ್ತು ಹೇಳಲೇಬೇಕೆಂದು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋಗುವಷ್ಟರಲ್ಲಿ ಅಮ್ಮ ಪಕ್ಕದ ಅಜ್ಜಿಗೆ ಔಷಧಿ ಚೀಟಿಯ ಹಿಂದೆ ಕಾರಿನ ಚಿತ್ರ ಬರೆದು, ತಿರುವಿನಲ್ಲಿ ಭಾರ ಯಾವ ಚಕ್ರಕ್ಕೆ ಹೋಗುತ್ತದೆಂದು ವಿವರಿಸುತ್ತಿದ್ದಳು. ಅಜ್ಜಿ ತಲೆದೂಗುತ್ತಿದ್ದರು. "ಬಾ ಬಾ, ನೀನೇ ಹೇಳು ಇವರಿಗೆ" ಎಂದು ಅಮ್ಮ ಮಂಚದಲ್ಲಿ ಸರಿದು ಜಾಗ ಮಾಡಿಕೊಟ್ಟಳು. ಬಿಸಿತುಪ್ಪ ಬಾಯಲ್ಲೇ ಉಳಿಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಇಲ್ಲಿ ನಿಜ ಬರೆಯಬಹುದು, ಯಾರೂ ಓದುವುದಿಲ್ಲ. ಅಮ್ಮನಿಗೆ ನೋವಾಗುತ್ತದೆಂದು ಮಾತ್ರ ನಾನು ಸುಮ್ಮನಿರುವುದಲ್ಲ. ಈ ಐವತ್ತು ವರ್ಷದಲ್ಲಿ ನಾನೂ ಅಮ್ಮನೂ ಇಷ್ಟು ಮಾತಾಡಿದ್ದೇ ಇಲ್ಲ. ಅಂಗಡಿಯಿದ್ದಾಗ ಅವಳಿಗೆ ಪುರುಸೊತ್ತಿರಲಿಲ್ಲ, ಅವಳಿಗೆ ಪುರುಸೊತ್ತಾದಾಗ ನನಗೆ ವಿಷಯವಿರಲಿಲ್ಲ. ವಾರಕ್ಕೊಮ್ಮೆ ಫೋನು, ಊಟವಾಯಿತಾ, ಆಯಿತು. ಈಗ ಸಂಜೆಯಾಗುವುದನ್ನೇ ಕಾಯುತ್ತೇನೆ. ಟೈರು ಮುಗಿದರೆ ಇದೂ ಮುಗಿಯುತ್ತದೆ.

ಅಕ್ಟೋಬರ್ 18

ತೀರ್ಮಾನವಾಯಿತು. ನಡುವಿನದು.

ಅಮ್ಮ ಕೊನೆಯ ತನಕ ಮೆತ್ತನೆಯದಕ್ಕೇ ಜೋತುಬಿದ್ದಿದ್ದಳು. ನಾನು ಹೇಳಿದೆ, "ಅದು ಬಿಸಿಲಲ್ಲಿ, ಕಾದ ರಸ್ತೇಲಿ ಚೆನ್ನ. ಬೆಳಿಗ್ಗೆ ತಣ್ಣಗಿರೋವಾಗ ಹೊರಟರೆ ಮೊದಲನೇ ತಿರುವಿಗೆ ಇನ್ನೂ ನಿದ್ದೇಲಿರುತ್ತೆ. ಮಳೆ ಬಂದ್ರಂತೂ ಕೇಳ್ಲೇಬೇಡ. ನಡುವಿನದು ಒಂದು ಪಾಲು ಹಿಡಿತ ಕಮ್ಮಿ ಇರಬಹುದು, ಆದ್ರೆ ಯಾವತ್ತು ಹೋದ್ರೂ ಅಷ್ಟೇ ಇರುತ್ತೆ. ಜಾರೋ ಮುಂಚೆ ಹೇಳಿ ಜಾರುತ್ತೆ."

ಅಮ್ಮ ಕಾರಿನ ಚಿತ್ರವಿದ್ದ ಔಷಧಿ ಚೀಟಿಯನ್ನು ಮಡಿಸಿ ದಿಂಬಿನಡಿ ಇಟ್ಟಳು. "ಸರಿ. ನಿನ್ನ ಮಾತೇ ನಡೀಲಿ" ಎಂದಳು.

ನನ್ನ ಜೀವಮಾನದಲ್ಲಿ ಅಮ್ಮ ಈ ವಾಕ್ಯ ಹೇಳಿದ್ದು ಇದೇ ಮೊದಲು. ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಬಹಳ ಸಂತೋಷವಾಗಿತ್ತು. ನನ್ನ ಮೇಲೆ ನನಗೇ ಹೇಸಿಗೆಯೂ ಆಗಿತ್ತು.

ಅಕ್ಟೋಬರ್ 20

ನಾಲ್ಕೂ ಟೈರು ಹಾಕಿಸಿದೆ. ಉಗುರಿನವನು ಕೈಮುಗಿದು ಕಳಿಸಿಕೊಟ್ಟ. ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ಜಿಡ್ಡಿರುತ್ತದಂತೆ, ಮೊದಲ ಇನ್ನೂರು ಮುನ್ನೂರು ಕಿಲೋಮೀಟರು ಮೆಲ್ಲಗೆ ಓಡಿಸಿ ಪಳಗಿಸಬೇಕಂತೆ.

"ಅದನ್ನ ನೀನೇ ಮಾಡು" ಎಂದಳು ಅಮ್ಮ. "ನಿನ್ನಷ್ಟು ನಿಧಾನ ಓಡಿಸೋರು ದುಡ್ಡು ಕೊಟ್ರೂ ಸಿಗಲ್ಲ."

ಅಕ್ಟೋಬರ್ 24

ಕಚೇರಿಗೆ ಕೆರೆ ರಸ್ತೆಯಿಂದ ಹೋಗುತ್ತಿದ್ದೇನೆ. ಸುತ್ತು ದಾರಿ, ಆದರೆ ಪಳಗಿಸಬೇಕಲ್ಲ.

ಅಕ್ಟೋಬರ್ 26, ಭಾನುವಾರ

ಬೆಟ್ಟದ ರಸ್ತೆಗೆ ಹೋಗಿದ್ದೆ. ಬೆಳಿಗ್ಗೆ ಒಂದು ಸಲ, ತಿಂಡಿಯಾದ ಮೇಲೆ ಇನ್ನೊಂದು ಸಲ. ಟೈರು ಎರಡೂ ಕಡೆಯ ತಿರುವಿಗೆ ಸಮವಾಗಿ ಸವೆಯಬೇಕು. ಬಟ್ಟೆಯ ಚಾವಣಿ ತೆಗೆದಿದ್ದೆ, ಟೈರಿನ ಸದ್ದು ಸರಿಯಾಗಿ ಕೇಳಲಿ ಎಂದು. ಒಂದು ಕಡೆ ಎಂಬತ್ತು ಮುಟ್ಟಿತು. ಇಳಿಜಾರಿತ್ತು, ನನ್ನ ತಪ್ಪಲ್ಲ. ಅಗಲ ಗಾಜಿನ ಕಪ್ಪು ಕಾರಿನವನೊಬ್ಬ ದಾರಿ ಬಿಡದೆ ಕಾಡಿದ. ತಿರುವಿನಲ್ಲಿ ಅವನು ಬ್ರೇಕು ತುಳಿದ ಜಾಗ ನೋಡಿದರೆ ಅವನ ಟೈರು ಗಟ್ಟಿಯವೇ ಇರಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನನ್ನು ದಾಟಲು ಬಿಟ್ಟ ಮೇಲೆ ಅವನು ರಸ್ತೆಯನ್ನು ಬೈಯುತ್ತಿದ್ದ.

ಅಮ್ಮ ಗುರುವಾರ ಬರುತ್ತಾಳೆ.

ಅಕ್ಟೋಬರ್ 30

ನನ್ನ ಕಾರಿನಲ್ಲಿ ಅಮ್ಮನನ್ನು ಕರೆತಂದೆ. ಪಕ್ಕದ ಮಂಚದ ಅಜ್ಜಿ ಅತ್ತರು. ದಾರಿಯಲ್ಲಿ ಅಮ್ಮ ಖುಷಿಯಾಗಿದ್ದಳು, ಲಿಫ್ಟಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ಗೇಟಿನೊಳಗೆ ಕೆಂಪು ಕಾರು ತೊಳೆಸಿ ನಿಲ್ಲಿಸಿದ್ದೆ. ಅಮ್ಮ ಮನೆಯೊಳಗೆ ಹೋಗಲಿಲ್ಲ. ಕೋಲೂರಿಕೊಂಡು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು, ಒಂದೊಂದು ಟೈರನ್ನೂ ಬಗ್ಗಿ ನೋಡಿದಳು. "ಚೆನ್ನಾಗಿ ಪಳಗಿಸಿದ್ದೀಯ" ಎಂದಳು. ಆಮೇಲೆ ಕೈ ಚಾಚಿದಳು. "ಬೀಗದ ಕೈ ಕೊಡು. ಸುಮ್ನೆ ಕೂತು ನೋಡ್ತೀನಿ."

ಕೊಡಲಿಲ್ಲ. "ಅಮ್ಮ, ನಿನ್ನ ಎಡಗಾಲಲ್ಲಿ ಇನ್ನು ಕ್ಲಚ್ ತುಳಿಯೋಕಾಗಲ್ಲ. ಆ ಪಾದಕ್ಕೆ ಬಲ ಬರಲ್ಲ ಅಂತ ಡಾಕ್ಟರು ಹೇಳಿದ್ದಾರೆ."

"ಯಾವಾಗ ಹೇಳಿದ್ರು?"

ನಿನ್ನೆ ಎನ್ನಬಹುದಿತ್ತು. "ಆಪರೇಷನ್ ಆದ ವಾರ" ಎಂದೆ.

ಅಮ್ಮನ ಚಾಚಿದ ಕೈ ಹಾಗೇ ಇತ್ತು. "ಅಷ್ಟು ದಿನದಿಂದ ನನ್ನೆದುರು ಕೂತ್ಕೊಂಡು ಟೈರು ಆರಿಸ್ತಿದ್ದೀಯಾ?"

"ಹೂಂ."

"ಅಂಗಡೀಲಿ ಒಂದೇ ಒಂದು ದಿನ, ಒಬ್ಬನೇ ಒಬ್ಬ ಗಿರಾಕಿಗೆ ನಾನು ಹೀಗೆ ಮಾಡಿದ್ದು ನೋಡಿದ್ಯೇನೇ?"

"ಇಲ್ಲ."

"ಹೋಗದ ಕಲೆ ಹೋಗಲ್ಲ ಅಂತ ಗೊತ್ತಾದ ತಕ್ಷಣ ಹೇಳ್ಬೇಕು. ಬೇಕಾದ್ರೆ ಆ ಕಲೆ ಜೊತೇಲೇ ಹಾಕ್ಕೊಂಡು ಓಡಾಡ್ತಾರೆ, ಇಲ್ಲಾ ಬಿಸಾಕ್ತಾರೆ. ಅದು ಅವರ ಬಟ್ಟೆ. ನೀನ್ಯಾರು ಒಳಗಿಟ್ಕೊಳ್ಳೋಕೆ?"

ಕೋಲೂರಿಕೊಂಡು ಒಳಗೆ ಹೋದಳು. ಮೆಟ್ಟಿಲ ಹತ್ತಿರ ಹಿಡಿಯಲು ಹೋದೆ, ಕೈ ಕೊಡವಿದಳು.

ಅಕ್ಟೋಬರ್ 31

ಮಾತಿಲ್ಲ.

ನವೆಂಬರ್ 1

ಮಾತಿಲ್ಲ. ಊಟ ಮಾಡಿದಳು, ಉಪ್ಪು ಬೇಕಾದಾಗ ಗೋಡೆಗೆ ಹೇಳಿದಳು.

ನವೆಂಬರ್ 3

ನಾನೇ ಬಾಯಿಬಿಟ್ಟೆ. ಬಲಗಾಲು ಗಟ್ಟಿಯಾಗಿದೆಯಲ್ಲ, ನನ್ನ ಕಾರನ್ನು ಓಡಿಸಬಹುದು, ಡಾಕ್ಟರನ್ನು ಕೇಳೋಣ ಎಂದೆ.

"ಲಿಫ್ಟನ್ನ ಯಾರಾದ್ರೂ ಓಡಿಸ್ತಾರಾ? ಗುಂಡಿ ಒತ್ತಿ ನಿಂತ್ಕೊಳ್ತಾರೆ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಆ ಕಾರು ಮಾರಿಬಿಡು. ನನ್ನ ಕಣ್ಣೆದುರು ಇರೋದು ಬೇಡ" ಎಂದಳು. ಗೋಡೆಗಲ್ಲ, ನನಗೇ ಹೇಳಿದಳು. ಅದಕ್ಕಿಂತ ಗೋಡೆಗೆ ಹೇಳಿದ್ದೇ ವಾಸಿಯಿತ್ತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ನವೆಂಬರ್ 8

ಉಗುರಿನವನು ಗಿರಾಕಿಯೊಬ್ಬನನ್ನು ಕಳಿಸಿದ್ದ. ಹಲ್ಲಿನ ಡಾಕ್ಟರು, ಚಿಕ್ಕ ವಯಸ್ಸು, ಸಭ್ಯಸ್ಥ. ಅಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು, ನೋಡುತ್ತಿಲ್ಲ ಎಂಬಂತೆ. ಅವನು ಕಾರು ನೋಡಿದ, ಬಾಗಿಲು ತೆಗೆದ, ಮುಚ್ಚಿದ, ಮೆಚ್ಚಿದ. "ಕಾರು ಓಕೆ ಮೇಡಂ. ಟೈರು ಮಾತ್ರ ತೆಗೆಸಿಹಾಕ್ತೀನಿ. ಅಗಲದ ವೀಲ್ ಹಾಕ್ಸಿದ್ರೆ ಲುಕ್ಕೇ ಬೇರೆ" ಎಂದ.

"ಇದು ಮಾರೋಕಿಲ್ಲ" ಎಂದೆ.

"ಅಲ್ಲ, ನೀವೇ ತಾನೆ..."

"ಮಾರೋಕಿಲ್ಲ. ಇವು ಈಗಷ್ಟೇ ಪಳಗಿವೆ."

ಅವನು ನನ್ನನ್ನೂ ಟೈರನ್ನೂ ಎರಡೆರಡು ಸಲ ನೋಡಿ ಹೊರಟುಹೋದ. ಒಳಗೆ ಬಂದರೆ ಅಮ್ಮ, "ಯಾಕೆ ಕಳಿಸ್ದೆ?" ಎಂದಳು. ಹೇಳಿದೆ.

"ಮತ್ತೆ ಓಡಿಸೋರು ಯಾರು ಅದನ್ನ?"

"ಯಾರೋ ಓಡಿಸ್ತಾರೆ" ಎಂದೆ. ಅದೊಂದು ಸಮಸ್ಯೆ ನಿಜ. ಆಮೇಲೆ ಯೋಚಿಸಬೇಕು.

ನವೆಂಬರ್ 9, ಭಾನುವಾರ

ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಅಮ್ಮ, "ನಡಿ, ಬೆಟ್ಟದ ಕಡೆ" ಎಂದಳು. ಅಷ್ಟೇ.

ಕೂರಿಸುವುದೇ ಒಂದು ಸಾಹಸವಾಯಿತು. ಮೊದಲು ಹಿಂದು ಹಿಂದಾಗಿ ಕೂತು, ಆಮೇಲೆ ಬಲಗಾಲು, ಕೊನೆಗೆ ನಾನು ಎರಡೂ ಕೈಯಿಂದ ಎಡಗಾಲನ್ನು ಎತ್ತಿ ಒಳಗಿಟ್ಟೆ. ಕೋಲಿಗೆ ಜಾಗವಿರಲಿಲ್ಲ, ಚಾವಣಿ ತೆಗೆದು ಅದನ್ನು ನಿಲ್ಲಿಸಿಕೊಂಡೆವು. ಎದುರು ಮನೆಯವರು ಬಾಲ್ಕನಿಗೆ ಬಂದರು, ಈ ಸಲ ಕೈ ಬೀಸಿದರು.

ಕೆರೆ ದಾಟಿದೆವು. ಮೊದಲ ತಿರುವಿನಲ್ಲಿ ಅಮ್ಮ ಬಾಗಿಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು, "ನಿಧಾನ ಕಣೇ! ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ?" ಎಂದು ಕೂಗಿದಳು. ನನಗೆ ಆಶ್ಚರ್ಯವಾಯಿತು. ನಾನು ಎಂದಿನಂತೆಯೇ ಹೋಗುತ್ತಿದ್ದೆ. ಆಸ್ಪತ್ರೆಯಲ್ಲಿದ್ದು ಅಮ್ಮನಿಗೆ ಪುಕ್ಕಲುತನ ಬಂದಿದೆ, ಪಾಪ. ಟೈರು ಇನ್ನೂ ಎಷ್ಟೋ ತಡೆಯುತ್ತಿತ್ತು.

ಏರು ಶುರುವಾಯಿತು. ಗೇರು ಇಳಿಸಬೇಕೆನ್ನುವಾಗ ಪಕ್ಕದಲ್ಲಿ ಏನೋ ಅಲುಗಿದಂತಾಯಿತು. ಅಮ್ಮನ ಎಡ ಮೊಣಕಾಲು. ಪಾದ ಪಟ್ಟಿಯೊಳಗೆ ಸುಮ್ಮನಿತ್ತು. ತೊಡೆಯ ಬಲದಿಂದ ಇಡೀ ಕಾಲನ್ನು ಕೆಳಕ್ಕೆ ಒತ್ತುತ್ತಿದ್ದಳು. ಅಲ್ಲಿ ರಬ್ಬರಿನ ನೆಲಹಾಸು ಬಿಟ್ಟರೆ ಏನೂ ಇಲ್ಲ. ಮುಖ ರಸ್ತೆಗೇ ನೆಟ್ಟಿತ್ತು, ಕಾಲು ಏನು ಮಾಡುತ್ತಿದೆಯೆಂದು ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ.

ನೋಡದವಳಂತೆ ಓಡಿಸಿದೆ. ಮುಂದಿನ ತಿರುವಿನಲ್ಲಿ ಅವಳ ಮೊಣಕಾಲು ನನಗಿಂತ ಒಂದು ಚೂರು ಮುಂಚೆ ಇಳಿಯಿತು. ಅವಳದು ಸರಿ, ನನ್ನದು ತಡ. ಆಮೇಲೆ ರಸ್ತೆಯನ್ನು ಒಂದು ಕಣ್ಣಲ್ಲಿ, ಅವಳ ಮೊಣಕಾಲನ್ನು ಒಂದು ಕಣ್ಣಲ್ಲಿ ಇಟ್ಟುಕೊಂಡೆ. ಅದು ಇಳಿದಾಗ ಕ್ಲಚ್ ತುಳಿದೆ, ಎದ್ದಾಗ ಬಿಟ್ಟೆ. ಬೆಟ್ಟದ ತುದಿಯವರೆಗೆ ಕಾರು ಒಂದು ಸಲವೂ ಜಗ್ಗಲಿಲ್ಲ.

ತುದಿಯಲ್ಲಿ ನಿಲ್ಲಿಸಿದಾಗ ಅಮ್ಮನ ಹಣೆಯಲ್ಲಿ ಬೆವರಿತ್ತು. "ಕೊನೇ ತಿರುವಲ್ಲಿ ಎರಡನೇ ಗೇರಿಗೆ ಇಳಿಸಿದ್ದು ತಡ ಆಯ್ತು" ಎಂದಳು.

"ನೀನೇ ತಡ ಮಾಡಿದ್ದು" ಎಂದೆ.

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಕೆಳಗೆ ತನ್ನ ಕಾಲು ನೋಡಿಕೊಂಡಳು. ಮೊಣಕಾಲಿನ ಮೇಲೆ ಕೈಯಿಟ್ಟು ಮೆಲ್ಲಗೆ ನೀವಿಕೊಂಡಳು.

"ಸರಿ, ಗಾಡಿ ತಿರುಗಿಸು" ಎಂದಳು. "ಇಳಿಯೋವಾಗ ಬೇಗ ತುಳೀತೀನಿ."